ಬಡಿಸುವವ ಎಲ್ಲಿ ನಿಂತಿರುತ್ತಾನೆ?

2020ರ ಏಪ್ರಿಲ್. ಜೋಗೇಶ್ವರಿ ಪೂರ್ವದ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಐದು ಜನ, ಎರಡು ಕಂಪ್ಯೂಟರ್. ನನ್ನ ಆಫೀಸಿನ ಲ್ಯಾಪ್‌ಟಾಪ್ ಲೆಕ್ಕಕ್ಕಿಲ್ಲ. ಅದನ್ನು ಮನೆಯವರು ಯಾರೂ ಮುಟ್ಟುವಂತಿರಲಿಲ್ಲ. ಹಾಲ್‌ನ ಮೂಲೆಯಲ್ಲಿ 16 ಜಿಬಿ ಮೆಮೊರಿಯ ಡೆಸ್ಕ್‌ಟಾಪ್ ಇತ್ತು. ಇನ್ನೊಂದು, ಹತ್ತು ವರ್ಷ ಹಳೆಯ 2 ಜಿಬಿಯ ಪುಟ್ಟ ಲ್ಯಾಪ್‌ಟಾಪ್. ಡೆಸ್ಕ್‌ಟಾಪ್ ಮುಂದೆ ಮಗಳ ಆನ್‌ಲೈನ್ ಕ್ಲಾಸು. ಒಳಗಿನ ಕೋಣೆಯ ಮಂಚದ ಮೇಲೆ ಅಪ್ಪಯ್ಯ.

ಅಪ್ಪಯ್ಯ ಕುಂದಾಪುರದ ಹತ್ತಿರದ ಹಳ್ಳಿಯಿಂದ 1958ರಲ್ಲಿ, ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿ, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದರು. ಈ ಕತೆಯನ್ನು ಅವರು ಹಲವು ವರ್ಷಗಳಿಂದ ಕಂಪ್ಯೂಟರಿನಲ್ಲಿ ಬರೆಯುತ್ತ ಬಂದಿದ್ದರು. ಲಾಕ್‌ಡೌನ್ ಬಂತು, ಪುರಸೊತ್ತು ಸಿಕ್ಕಿತು, ಆದರೆ ಡೆಸ್ಕ್‌ಟಾಪ್ ಮೊಮ್ಮಗಳ ಪಾಲಾಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಫೋಟೊಗಳು ತುಂಬಿದ ಆ ಕಡತ ತೆರೆಯುವಷ್ಟರಲ್ಲಿ ಒಂದು ಚಾ ಮುಗಿಯುತ್ತಿತ್ತು.

ನಾನು ಒಂದು ಸಣ್ಣ ಏರ್ಪಾಡು ಮಾಡಿದೆ. ಲಿಬ್ರೆಆಫೀಸ್ ಓಡುವುದು ಹಾಲ್‌ನ ಡೆಸ್ಕ್‌ಟಾಪಿನಲ್ಲಿ. ಅದರ ಕಿಟಕಿ ಕಾಣಿಸುವುದು ಒಳಕೋಣೆಯ ಲ್ಯಾಪ್‌ಟಾಪಿನಲ್ಲಿ. ನಡುವೆ ಮನೆಯ ವೈಫೈ. ಎರಡರಲ್ಲೂ ಲಿನಕ್ಸ್ ಇದ್ದುದರಿಂದ ಹೊಸದಾಗಿ ಕೊಳ್ಳುವುದೇನೂ ಇರಲಿಲ್ಲ. ಮಗಳ ಕ್ಲಾಸಿಗೆ ಅಡ್ಡಿ ಇಲ್ಲ, ಅಪ್ಪಯ್ಯನ ಬರವಣಿಗೆಗೂ ಅಡ್ಡಿ ಇಲ್ಲ. ಒಂದೇ ಯಂತ್ರದಲ್ಲಿ ಇಬ್ಬರ ಕೆಲಸ, ಎರಡು ಪರದೆಗಳಲ್ಲಿ.

ಎರಡು ದಿನ ಕಳೆದ ಮೇಲೆ ಮಗಳು ಏನೋ ನೋಡುತ್ತಿದ್ದವಳು ಕೂಗಿದಳು. "ಪಪ್ಪ, ನನ್ನ ಕಂಪ್ಯೂಟರಲ್ಲಿ ಅಜ್ಜಯ್ಯನ ಹೆಸರಲ್ಲಿ ಏನೋ ಓಡ್ತಾ ಇದೆ!"

ವಿವರಿಸಿದೆ. ಕೊನೆಗೆ, "ಇಲ್ಲಿ ಅಜ್ಜಯ್ಯನ ಹಳೇ ಲ್ಯಾಪ್‌ಟಾಪೇ ಸರ್ವರ್. ಈ ದೊಡ್ಡ ಯಂತ್ರದಲ್ಲಿ ಓಡುವ ಪ್ರೋಗ್ರಾಮ್ ಅದರ ಕ್ಲೈಂಟ್" ಅಂದೆ. ಅವಳು ನಕ್ಕಳು. ದೊಡ್ಡ ಯಂತ್ರ ಸರ್ವರ್, ಸಣ್ಣದು ಕ್ಲೈಂಟ್ ಎಂದು ಅವಳ ಪುಸ್ತಕದಲ್ಲಿದೆ. ನೀನು ಉಲ್ಟಾ ಹೇಳುತ್ತಿದ್ದೀಯ ಎಂದಳು.

ಒಳಗಿಂದ ಅಪ್ಪಯ್ಯನ ದನಿ ಬಂತು. "ಇದ್ರಗೆ ಉಲ್ಟಾ ಎಂತ ಇತ್ತ್? ಬಡಿಸುವವ ಮೇಜಿನ್ ಹತ್ರ ಇರ್ತ. ಅಡುಗೆ ಭಟ್ರ್ ಒಳಗೆ ಇರ್ತ್ರ್."

ಕುಂದಾಪ್ರ ಕನ್ನಡದಲ್ಲಿ 'ಇತ್ತ್' ಅಂದರೆ 'ಇದೆ' ಎಂದರ್ಥ. ಇಪ್ಪತ್ತು ವರ್ಷ ಈ ವೃತ್ತಿಯಲ್ಲಿರುವ ನಾನು ಇಷ್ಟು ಸರಳವಾಗಿ ಅದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಗಿರಾಕಿಯ ಮಾತು ಕೇಳಿ ಒಳಗೆ ಮುಟ್ಟಿಸುವವನು, ಒಳಗಿಂದ ಬಂದದ್ದನ್ನು ಮೇಜಿನ ಮೇಲೆ ಇಡುವವನು ಮಾಣಿ. ಪರದೆ, ಕೀಲಿಮಣೆ, ಮೌಸ್ ಈ ಮೂರನ್ನೂ ನೋಡಿಕೊಳ್ಳುವ ಪ್ರೋಗ್ರಾಮೇ ಇಲ್ಲಿ ಸರ್ವರ್. ಅಡುಗೆಮನೆ ಎಲ್ಲಿದ್ದರೂ ಆದೀತು. ಒಂದು ಮೇಜಿಗೆ ನಾಲ್ಕು ಅಡುಗೆಮನೆಗಳಿಂದ ಊಟ ಬಂದರೂ ಸರಿಯೇ.

ಈ ಮಾಣಿಯ ಹೆಸರು ಎಕ್ಸ್. ಪೂರ್ತಿ ಹೆಸರು ಎಕ್ಸ್ ವಿಂಡೋ ಸಿಸ್ಟಮ್. ಅವನ ಕತೆ ಹೇಳುತ್ತೇನೆ ಎಂದು ಮಗಳಿಗೆ ಅಂದು ಮಾತು ಕೊಟ್ಟಿದ್ದೆ. ಅವಳು ಕೇಳಿ ಮರೆತಿದ್ದಾಳೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಡಬ್ಲ್ಯೂ ಆದ ಮೇಲೆ ಎಕ್ಸ್

1983ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರಾಜೆಕ್ಟ್ ಅಥೀನಾ ಎಂಬ ಯೋಜನೆ ಶುರುವಾಯಿತು. ವಿದ್ಯಾರ್ಥಿಗಳೆಲ್ಲರ ಕೈಗೂ ಕಂಪ್ಯೂಟರ್ ಸಿಗಬೇಕು, ಕ್ಯಾಂಪಸ್ಸಿನ ಯಾವ ಯಂತ್ರದ ಮುಂದೆ ಕೂತರೂ ತನ್ನ ಕೆಲಸ ತನಗೆ ಸಿಗಬೇಕು ಎಂಬುದು ಗುರಿ. ಯಂತ್ರಗಳನ್ನು ಕೊಟ್ಟವು ಮುಖ್ಯವಾಗಿ ಎರಡು ಕಂಪನಿಗಳು: ಡಿಜಿಟಲ್ ಮತ್ತು ಐಬಿಎಂ. ಒಬ್ಬರ ಯಂತ್ರಕ್ಕೂ ಇನ್ನೊಬ್ಬರದಕ್ಕೂ ತಾಳಮೇಳವಿಲ್ಲ. ಪರದೆಯೂ ಬೇರೆ, ಪ್ರೊಸೆಸರೂ ಬೇರೆ. ಎಲ್ಲದರ ಮೇಲೂ ಒಂದೇ ಥರ ಕಿಟಕಿ ತೆರೆಯುವುದು ಹೇಗೆ?

ಅದೇ ಹೊತ್ತಿಗೆ ಎಂಐಟಿಯ ಕಂಪ್ಯೂಟರ್ ವಿಜ್ಞಾನ ಪ್ರಯೋಗಾಲಯದಲ್ಲಿ ಬಾಬ್ ಶೈಫ್ಲರ್ ಎಂಬವರಿಗೂ ಒಂದು ವಿಂಡೋ ವ್ಯವಸ್ಥೆ ಬೇಕಿತ್ತು. ಡಿಜಿಟಲ್ ಕಂಪನಿಯಿಂದ ಅಥೀನಾಕ್ಕೆ ಬಂದಿದ್ದ ಜಿಮ್ ಗೆಟಿಸ್ ಜೊತೆಯಾದರು. ಸ್ಟ್ಯಾನ್‌ಫರ್ಡ್‌ನಲ್ಲಿ 'ವಿ' ಎಂಬ ಆಪರೇಟಿಂಗ್ ಸಿಸ್ಟಮ್ ಇತ್ತು. ಅದಕ್ಕಾಗಿ ಪಾಲ್ ಅಸೆಂಟೆ ಮತ್ತು ಬ್ರಯಾನ್ ರೀಡ್ 'ಡಬ್ಲ್ಯೂ' ಎಂಬ ವಿಂಡೋ ವ್ಯವಸ್ಥೆ ಬರೆದಿದ್ದರು. ಶೈಫ್ಲರ್ ಅದನ್ನು ತಂದು, ಒಂದು ಮುಖ್ಯ ಬದಲಾವಣೆ ಮಾಡಿ, ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮುಂದಿನ ಅಕ್ಷರವನ್ನು ಹೆಸರಾಗಿ ಇಟ್ಟರು. 1984ರ ಜೂನ್ 19ರಂದು ಸಹೋದ್ಯೋಗಿಗಳಿಗೆ ಒಂದು ಮೇಲ್ ಕಳಿಸಿದರು: ಕಳೆದೆರಡು ವಾರಗಳಲ್ಲಿ ಹೀಗೊಂದು ಬರೆದಿದ್ದೇನೆ, ಡಬ್ಲ್ಯೂನಿಂದ ಸಾಕಷ್ಟು ಕದ್ದಿದ್ದೇನೆ ಎಂಬ ಅರ್ಥದ್ದು. ಯಾವ ಆಡಂಬರವೂ ಇಲ್ಲದ ಆ ಮೇಲನ್ನೇ ಎಕ್ಸ್‌ನ ಹುಟ್ಟು ಎಂದು ಲೆಕ್ಕ ಹಿಡಿಯುತ್ತಾರೆ.

ಆ ಮುಖ್ಯ ಬದಲಾವಣೆ ಏನು? ಡಬ್ಲ್ಯೂನಲ್ಲಿ ಒಂದು ಮಾತು ಹೇಳಿದರೆ ಉತ್ತರ ಬರುವವರೆಗೆ ಕಾಯಬೇಕಿತ್ತು. ಎಕ್ಸ್‌ನಲ್ಲಿ ಕಾಯದೆ ಮುಂದಿನ ಮಾತು ಹೇಳಬಹುದು. ಹೋಟೆಲಿನ ಭಾಷೆಯಲ್ಲಿ, ಒಂದು ಮಸಾಲೆ ದೋಸೆ ಮೇಜಿಗೆ ಮುಟ್ಟಿತು ಎಂದು ಖಾತರಿಯಾದ ಮೇಲೆ ಭಟ್ಟರು ಎರಡನೆಯದಕ್ಕೆ ಹಿಟ್ಟು ಹೊಯ್ಯುವುದು ಹಳೆಯ ಪದ್ಧತಿ. ಹೊಯ್ದು ಹೊಯ್ದು ಸಾಲಾಗಿ ಕಳಿಸುತ್ತಿರುವುದು ಹೊಸದು.

ಎರಡನೆಯ ಜಾಣತನ ಏನನ್ನು ಕಳಿಸಬೇಕು ಎಂಬುದರಲ್ಲಿತ್ತು. ಲೆಕ್ಕ ಹಾಕಿ ನೋಡಿ. 1024 ಅಡ್ಡ, 768 ಉದ್ದದ ಪರದೆ, ಚುಕ್ಕೆಗೊಂದು ಬೈಟ್ ಎಂದರೂ ಸುಮಾರು 7.86 ಲಕ್ಷ ಬೈಟ್. ಸೆಕೆಂಡಿಗೆ ಹತ್ತು ಮೆಗಾಬಿಟ್‌ನ ಆ ಕಾಲದ ಈಥರ್ನೆಟ್ಟಿನಲ್ಲಿ ಒಂದು ಪರದೆ ದಾಟಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟು ಹೊತ್ತು ಬೇರೆ ಯಾರೂ ಜಾಲ ಬಳಸುವಂತಿಲ್ಲ. ಹಾಗಾಗಿ ಎಕ್ಸ್ ಚಿತ್ರದ ಬದಲು ಚಿತ್ರ ಬರೆಯುವ ಸೂಚನೆ ಕಳಿಸುತ್ತದೆ. 'ಇಲ್ಲಿಂದ ಅಲ್ಲಿಗೆ ಒಂದು ಗೆರೆ ಎಳಿ' ಎಂಬುದಕ್ಕೆ 20 ಬೈಟ್ ಸಾಕು. ಆ ಕಡೆಯಿಂದ ನೀವು ಒಂದು ಕೀಲಿ ಒತ್ತಿದರೆ ಅಥವಾ ಮೌಸ್ ಅಲ್ಲಾಡಿಸಿದರೆ ಅದರ ಸುದ್ದಿ 32 ಬೈಟ್‌ಗಳಲ್ಲಿ ವಾಪಸು ಹೋಗುತ್ತದೆ. ಗೆರೆಯನ್ನು ನಿಜವಾಗಿ ಎಳೆಯುವವನು ಪರದೆಯ ಹತ್ತಿರವಿರುವ ಸರ್ವರ್.

1987ರ ಸೆಪ್ಟೆಂಬರ್ 15ರಂದು ಹನ್ನೊಂದನೆಯ ಆವೃತ್ತಿ ಬಂತು. ಮುಂದಿನ ವರ್ಷ ಅದನ್ನು ನೋಡಿಕೊಳ್ಳಲು ಎಕ್ಸ್ ಕನ್ಸಾರ್ಷಿಯಂ ಹುಟ್ಟಿತು. ಹನ್ನೆರಡನೆಯ ಆವೃತ್ತಿ ಬರಲೇ ಇಲ್ಲ. ಅಪ್ಪಯ್ಯನ ಲ್ಯಾಪ್‌ಟಾಪಿನಲ್ಲಿ 2020ರಲ್ಲಿ ಓಡುತ್ತಿದ್ದುದೂ 1987ರ ಅದೇ ಮಾತುಕತೆ.

ಜುಹೂವಿನಿಂದ ನಮ್ಮ ಗಲ್ಲಿಗೆ

ಇದೆಲ್ಲ ದೂರದ ಅಮೆರಿಕದ ಸುದ್ದಿ ಅನ್ನಿಸಬಹುದು. ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದ ಜುಹೂವಿನಲ್ಲಿ, ಗುಲ್‌ಮೊಹರ್ ರಸ್ತೆಗಳ ನಡುವೆ, ಎನ್‌ಸಿಎಸ್‌ಟಿ ಎಂಬ ಸಂಸ್ಥೆ ಇತ್ತು: ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ. ಟಿಐಎಫ್‌ಆರ್‌ನ ಒಂದು ವಿಭಾಗವಾಗಿದ್ದದ್ದು 1985ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಮುಂದೆ ಸಿ-ಡ್ಯಾಕ್‌ನಲ್ಲಿ ಸೇರಿಹೋಯಿತು. 1986ರಲ್ಲಿ ಭಾರತದ ವಿದ್ಯಾಸಂಸ್ಥೆಗಳನ್ನು ಜೋಡಿಸುವ ಅರ್ನೆಟ್ ಜಾಲ ಶುರುವಾದಾಗ ಅದರಲ್ಲಿ ಇದ್ದವರು ಎಂಟೇ ಪಾಲುದಾರರು: ಐದು ಐಐಟಿಗಳು, ಬೆಂಗಳೂರಿನ ಐಐಎಸ್‌ಸಿ, ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಮತ್ತು ಜುಹೂವಿನ ಈ ಎನ್‌ಸಿಎಸ್‌ಟಿ. ಆ ಜಾಲ ದೇಶದ ಹೊರಗಿನ ಜಗತ್ತಿನೊಂದಿಗೆ ಮಾತಾಡುತ್ತಿದ್ದುದೂ ಇಲ್ಲಿಂದಲೇ. ಹಾಗೆ ನೋಡಿದರೆ ಭಾರತದ ಇಂಟರ್ನೆಟ್ಟಿನ ಒಂದು ಹೆಬ್ಬಾಗಿಲು ನಾವು ಭಾನುವಾರ ಬೇಲ್‌ಪುರಿ ತಿನ್ನಲು ಹೋಗುವ ದಾರಿಯಲ್ಲೇ ಇತ್ತು. ನಮಗೆ ಗೊತ್ತಿರಲಿಲ್ಲ.

ಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗ ನಾನು ಹೈಸ್ಕೂಲು ಮುಗಿಸುತ್ತಿದ್ದೆ. ನಮ್ಮ ಚಾಳಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಅಣ್ಣನ ಬಳಿ ಅದರ ಶೆಲ್ ಅಕೌಂಟ್ ಇತ್ತು. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಸಂಪರ್ಕ. ಅದರಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಮೋಡೆಮ್ ಕಿರುಚಿ ಸುಮ್ಮನಾದ ಮೇಲೆ ಕಪ್ಪು ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೀಳುತ್ತಿದ್ದವು. ಆ ಅಣ್ಣ ಹೇಳಿದ್ದು ನನಗಿನ್ನೂ ನೆನಪಿದೆ. "ನೋಡು, ಈ ಪ್ರೋಗ್ರಾಮ್ ಇಲ್ಲಿ ಓಡ್ತಾ ಇಲ್ಲ. ಅಲ್ಲಿ ವಿಎಸ್‌ಎನ್‌ಎಲ್‌ನವರ ಕಂಪ್ಯೂಟರಲ್ಲಿ ಓಡ್ತಾ ಇದೆ. ಇಲ್ಲಿ ಬರೀ ಕಾಣಿಸ್ತದೆ."

ಕೆಲಸ ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ನನಗೆ ಅದು ಮಾಯೆಯಂತೆ ಕಂಡಿತು. ಚಿತ್ರವೂ ಹೀಗೆ ಬಂದರೆ ಎಂದು ಕೇಳಿದ್ದೆ. ಫೋನ್ ಬಿಲ್ಲು ಕಟ್ಟುವವರು ಯಾರು ಎಂದು ಅವನು ಕೇಳಿದ. 28.8 ಕಿಲೋಬಿಟ್‌ನ ಮೋಡೆಮ್‌ನಲ್ಲಿ ನಾನು ಮೇಲೆ ಹೇಳಿದ ಅದೇ ಪರದೆ ದಾಟಿ ಬರಲು ಮೂರೂವರೆ ನಿಮಿಷ ಬೇಕು. ಅವನ ಉತ್ತರ ಸರಿಯಾಗಿಯೇ ಇತ್ತು.

ಜಿರಳೆಗಳು

ನಾನು ಎಕ್ಸ್ ಕಂಡದ್ದು 2001ರಲ್ಲಿ, ಕರ್ನಾಟಕದ ಒಂದು ಕಾಲೇಜಿನಲ್ಲಿ ಎಂ.ಟೆಕ್. ಮಾಡುವಾಗ. ಲ್ಯಾಬಿನಲ್ಲಿ ಹಳೆಯ 486 ಯಂತ್ರಗಳು ಹತ್ತು, ಗಟ್ಟಿ ಲಿನಕ್ಸ್ ಯಂತ್ರ ಒಂದು. ಎಕ್ಸ್ ಅನ್ನು ಸಾಧಾರಣ ಪಿಸಿಗಳ ಮೇಲೆ ತಂದ ಎಕ್ಸ್‌ಫ್ರೀ86 ಎಂಬ ಮುಕ್ತ ತಂತ್ರಾಂಶ 1992ರಿಂದಲೇ ಇತ್ತು. 486ಗಳು ಬರೀ ಪರದೆಗಳು. ಕೆಲಸವೆಲ್ಲ ಆ ಒಂದು ಯಂತ್ರದಲ್ಲಿ. ಬಡ ಲ್ಯಾಬಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಡಿಸ್‌ಪ್ಲೇ ಎಂಬ ಒಂದು ಸಾಲಿನಲ್ಲಿ ಯಾವ ಯಂತ್ರದ ಹೆಸರು ಬರೆಯುತ್ತೀರೋ, ಕಿಟಕಿ ಅಲ್ಲಿ ತೆರೆಯುತ್ತದೆ.

ಯಂತ್ರದ ಹೆಸರು ಯಾರು ಬೇಕಾದರೂ ಬರೆಯಬಹುದು ಎಂಬುದು ಮೊದಲ ವಾರದಲ್ಲೇ ಸೀನಿಯರುಗಳಿಂದ ಗೊತ್ತಾಯಿತು. ಒಂದು ಸಂಜೆ ನನ್ನ ಪರದೆಯ ತುಂಬ ಜಿರಳೆಗಳು. ಕಿಟಕಿ ಸರಿಸಿದರೆ ಅದರಡಿಯಿಂದ ಹೊರಬಂದು ಇನ್ನೊಂದರಡಿ ಓಡುತ್ತಿದ್ದವು. ಎಕ್ಸ್‌ರೋಚ್ ಎಂಬ ಹಳೆಯ ತಮಾಷೆ ಪ್ರೋಗ್ರಾಮ್ ಅದು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಎರಡನೆಯ ಸಲ ತಮಾಷೆಯಾಗಿರಲಿಲ್ಲ. ಪ್ರಾಜೆಕ್ಟ್ ವರದಿ ಬರೆಯುತ್ತಿದ್ದೆ, ಎರಡು ಗಂಟೆ ಉಳಿಸಿರಲಿಲ್ಲ. ಯಾರೋ ಇನ್ನೊಂದು ಯಂತ್ರದಿಂದ ನನ್ನ ಪರದೆಯ ಕಿಟಕಿಗಳನ್ನೆಲ್ಲ ಒಟ್ಟಿಗೆ ಮುಚ್ಚಿಸಿದರು. ವರದಿ ಹೋಯಿತು. ಮಾಡಿದ್ದು ಯಾರೆಂದು ಕೊನೆಗೂ ತಿಳಿಯಲಿಲ್ಲ.

ತಪ್ಪು ನನ್ನದೂ ಇತ್ತು. 'ಎಕ್ಸ್‌ಹೋಸ್ಟ್ ಪ್ಲಸ್' ಎಂಬ ಎರಡು ಪದದ ಅಪ್ಪಣೆ ಇತ್ತು. ಯಾರು ಬೇಕಾದರೂ ನನ್ನ ಪರದೆಗೆ ಬನ್ನಿ ಎಂದು ಅದರ ಅರ್ಥ. ಏನಾದರೂ ಕೆಲಸ ಮಾಡದಿದ್ದರೆ ನಾವೆಲ್ಲ ಮೊದಲು ಅದನ್ನು ಟೈಪ್ ಮಾಡುತ್ತಿದ್ದೆವು. ಬಂದವನು ಬರೀ ಕಿಟಕಿ ತೆರೆಯುತ್ತಾನೆ ಎಂದುಕೊಂಡಿದ್ದೆವು. ಒಮ್ಮೆ ಒಳಗೆ ಬಿಟ್ಟರೆ ಅವನು ನಿಮ್ಮ ಪರದೆಯ ಚಿತ್ರ ತೆಗೆಯಬಹುದು, ನೀವು ಒತ್ತುವ ಕೀಲಿಗಳನ್ನು ಓದಬಹುದು. ಎಕ್ಸ್‌ನ ಒಳಗೆ ಒಬ್ಬ ಕ್ಲೈಂಟಿಗೂ ಇನ್ನೊಬ್ಬನಿಗೂ ನಡುವೆ ಗೋಡೆ ಇರಲಿಲ್ಲ.

ಇದನ್ನು ಕಟ್ಟಿದವರು ದಡ್ಡರಾಗಿರಲಿಲ್ಲ. 1984ರ ಕ್ಯಾಂಪಸ್ಸಿನಲ್ಲಿ ಒಬ್ಬರಿಗೊಬ್ಬರು ಪರಿಚಿತರು. ಊರಿನ ಮನೆಗೆ ಬೀಗ ಇಲ್ಲದಂತೆ ಇದೂ ಇತ್ತು. ಆಮೇಲೆ ಬೀಗ ಬಂತು: ಮ್ಯಾಜಿಕ್ ಕುಕಿ ಎಂಬ 128 ಬಿಟ್‌ನ ಗುಟ್ಟಿನ ಸಂಖ್ಯೆ. ಅದನ್ನು ತೋರಿಸಿದವರಿಗೆ ಮಾತ್ರ ಪ್ರವೇಶ. ಆದರೆ ಆ ಸಂಖ್ಯೆಯೂ ಜಾಲದ ಮೇಲೆ ಬಿಚ್ಚುಬಿಚ್ಚಾಗಿಯೇ ಹೋಗುತ್ತಿತ್ತು. ಕದ್ದು ಕೇಳುವವನಿಗೆ ಅಷ್ಟೇ ಸಾಕು.

ಪೂರ್ತಿ ಉತ್ತರ ಬಂದದ್ದು ಫಿನ್ಲೆಂಡಿನಿಂದ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದರು. ಅಲ್ಲಿನ ತಾತು ಯುಲೆನೆನ್ ಅದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್ ಬರೆದರು. ಎರಡು ಯಂತ್ರಗಳ ನಡುವೆ ಗುಪ್ತಲಿಪಿಯ ಒಂದು ಸುರಂಗ ಅದು. ಆ ಸುರಂಗದೊಳಗೆ ಎಕ್ಸ್ ಅನ್ನೂ ಹಾಯಿಸುವ ಉಪಾಯ ಅದರಲ್ಲಿತ್ತು. ದೂರದ ಯಂತ್ರದಲ್ಲಿ ಎಸ್‌ಎಸ್‌ಎಚ್ ಒಂದು ಸುಳ್ಳು ಪರದೆ ಸೃಷ್ಟಿಸುತ್ತದೆ. ಸಾಮಾನ್ಯವಾಗಿ ಅದರ ನಂಬರ್ ಹತ್ತು. ಪ್ರೋಗ್ರಾಮ್ ಅದನ್ನೇ ನಿಜವಾದ ಪರದೆ ಎಂದು ನಂಬಿ ಬರೆಯುತ್ತದೆ. ಬರೆದದ್ದೆಲ್ಲ ಸುರಂಗದಲ್ಲಿ ಹಾದು ನಿಮ್ಮ ಮುಂದೆ ಬೀಳುತ್ತದೆ. ನಮ್ಮ ಮನೆಯಲ್ಲಿ ಲಾಕ್‌ಡೌನ್‌ನಲ್ಲಿ ಮಾಡಿದ ಏರ್ಪಾಡು ಇಷ್ಟೇ: ಎಸ್‌ಎಸ್‌ಎಚ್, ಹೈಫನ್, ದೊಡ್ಡಕ್ಷರದ ಎಕ್ಸ್, ಡೆಸ್ಕ್‌ಟಾಪಿನ ಹೆಸರು. ಅಪ್ಪಯ್ಯನ ಪರದೆಯ ಮೇಲೆ ಅದನ್ನೊಂದು ಐಕಾನ್ ಮಾಡಿ ಕೂರಿಸಿದ್ದೆ. ಮನೆಯೊಳಗೇ ಸುರಂಗ ಯಾಕೆ ಎಂದು ನೀವು ಕೇಳಬಹುದು. ನಮ್ಮ ವೈಫೈ ಪಾಸ್‌ವರ್ಡ್ ಆಗ ಮಹಡಿಯ ಅರ್ಧ ಮಕ್ಕಳಿಗೆ ಗೊತ್ತಿತ್ತು. ಜಿರಳೆಗಳನ್ನು ಕಂಡವನು ನಾನು.

ಸೂರ್ಯ

ಈಗ ಕನ್ನಡದ ಮಾತು. 2003ರಲ್ಲಿ ಓದು ಮುಗಿಸಿ ಮುಂಬಯಿಗೆ ವಾಪಸಾದೆ. ಲ್ಯಾಮಿಂಗ್ಟನ್ ರೋಡಿನಿಂದ ಸೆಕೆಂಡ್ ಹ್ಯಾಂಡ್ ಪಿಸಿ ತಂದು, ಪತ್ರಿಕೆಯೊಂದಿಗೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿ, ಯುನಿಕೋಡ್ ಕನ್ನಡ ಬರುವಂತೆ ಮಾಡಿ ಅಪ್ಪಯ್ಯನನ್ನು ಕೂರಿಸಿದೆ. ಅವರು ನಿಧಾನಕ್ಕೆ ಒಂದು ಪದ ಹುಡುಕಿ ಹುಡುಕಿ ಒತ್ತಿದರು: ಸೂರ್ಯ. ಪರದೆಯ ಮೇಲೆ ಬಂದದ್ದು ಸ, ಅದರ ಪಕ್ಕದಲ್ಲಿ ತುಂಡಾಗಿ ಊ-ಕಾರದ ಬಾಲ, ಆಮೇಲೆ ಒಂಟಿ ರ, ಒಂದು ಅನಾಥ ಕೊಂಬು, ಆಮೇಲೆ ಯ.

"ಸೂರ್ಯ ಹಿಂಗಾ ಇಪ್ಪುದ್?" ಎಂದು ಕೇಳಿದರು.

ಯಾಕೆ ಹೀಗಾಯಿತು ಎಂದು ತಿಳಿಯಲು ಮತ್ತೆ ಬಡಿಸುವವನ ಹತ್ತಿರ ಹೋಗಬೇಕು. ಎಕ್ಸ್‌ನ ಮೂಲ ಪದ್ಧತಿಯಲ್ಲಿ ಅಕ್ಷರ ಬರೆಯುವುದೂ ಸರ್ವರ್‌ನ ಕೆಲಸವೇ. ಫಾಂಟ್ ಇರುವುದು ಅವನ ಬಳಿ. ಪ್ರೋಗ್ರಾಮ್ '65ನೇ ಅಕ್ಷರ, 66ನೇ ಅಕ್ಷರ' ಎಂದು ಸಂಖ್ಯೆ ಕಳಿಸುತ್ತದೆ. ಸರ್ವರ್ ಆ ಸಂಖ್ಯೆಯ ಅಚ್ಚುಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಒತ್ತುತ್ತದೆ. ಒಂದು ಸಂಖ್ಯೆಗೆ ಒಂದು ಅಚ್ಚು. ಇಂಗ್ಲಿಷಿಗೆ ಇದು ಸಾಕು.

ಕನ್ನಡಕ್ಕೆ ಸಾಲದು. 1991ರ ಯುನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಆದರೆ ಅಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಖ್ಯೆ ಇಲ್ಲ. ನಮ್ಮಲ್ಲಿ ಬಳಕೆಯಲ್ಲಿದ್ದ ಇಸ್ಕಿ ಸಂಕೇತದ ಹಾದಿಯಲ್ಲೇ ಮೂಲ ಅಕ್ಷರಗಳಿಗೆ ಮತ್ತು ವಿರಾಮಕ್ಕೆ ಸಂಖ್ಯೆ ಕೊಟ್ಟು, ಉಳಿದದ್ದನ್ನು ಬರೆಯುವವನ ಜಾಣತನಕ್ಕೆ ಬಿಟ್ಟಿದ್ದಾರೆ. 'ಸೂರ್ಯ' ಎಂದರೆ ಐದು ಸಂಖ್ಯೆಗಳು: ಸ, ಊ-ಕಾರ, ರ, ವಿರಾಮ, ಯ. ಕಾಣಬೇಕಾದದ್ದು ಎರಡೇ ಅಕ್ಷರ. ಮೇಲಾಗಿ ರ ಮೊದಲು ಬಂದರೂ ಅರ್ಕಾವೊತ್ತಾಗಿ ಯ ಆದ ಮೇಲೆ ಕೂರಬೇಕು. 'ಲಕ್ಷ್ಮಿ'ಯಲ್ಲಿ ಏಳು ಸಂಖ್ಯೆ, ಎರಡು ಅಕ್ಷರ. ಸಾಲಾಗಿ ಅಚ್ಚೊತ್ತುವ ಮಾಣಿಗೆ ಇದು ತಿಳಿಯುವ ಸಂಗತಿಯಲ್ಲ.

ಪರಿಹಾರ ಎರಡು ಕಡೆಯಿಂದ ಬಂತು. 2000ದ ಸುಮಾರಿಗೆ ಕೀತ್ ಪ್ಯಾಕರ್ಡ್ ಎಕ್ಸ್‌ಗೆ ರೆಂಡರ್ ಎಂಬ ವಿಸ್ತರಣೆ ಸೇರಿಸಿದರು. ಅಂಚು ನಯವಾದ ಅಕ್ಷರಗಳು, ಪಾರದರ್ಶಕ ಚಿತ್ರಗಳು ಅದರ ಉದ್ದೇಶ. ಅದರಿಂದ ಫಾಂಟ್ ಸರ್ವರ್‌ನ ಕೈಯಿಂದ ಪ್ರೋಗ್ರಾಮಿನ ಕೈಗೆ ಬಂತು. ಅದೇ ವೇಳೆಗೆ ಓವೆನ್ ಟೇಲರ್ ಮುಂದಾಳತ್ವದಲ್ಲಿ ಪ್ಯಾಂಗೊ ಎಂಬ ತಂತ್ರಾಂಶ ಬೆಳೆಯುತ್ತಿತ್ತು. ಅರೇಬಿಕ್, ದೇವನಾಗರಿ, ಕನ್ನಡದಂಥ ಲಿಪಿಗಳಲ್ಲಿ ಯಾವ ಅಕ್ಷರ ಯಾವುದರೊಡನೆ ಕೂಡಿ ಯಾವ ರೂಪ ತಾಳುತ್ತದೆ ಎಂಬ ಲೆಕ್ಕ ಅದರದು. ಆ ಲೆಕ್ಕ ಅಡುಗೆಮನೆಯಲ್ಲೇ ಮುಗಿಯುತ್ತದೆ. ಸಿದ್ಧವಾದ ಅಚ್ಚಿನ ಚಿತ್ರವನ್ನು ಒಮ್ಮೆ ಸರ್ವರ್‌ಗೆ ಕಳಿಸಿ, ಆಮೇಲೆ 'ಹನ್ನೆರಡನೆಯ ಅಚ್ಚು ಇಲ್ಲಿ, ಏಳನೆಯದು ಅಲ್ಲಿ' ಎಂದು ನಂಬರ್ ಹೇಳಿದರೆ ಸಾಕು. ಜಾಲದ ಮೇಲೆ ಹೊರೆಯೂ ಕಡಿಮೆಯೇ.

2003ರ ಆ ದಿನಗಳಲ್ಲಿ ಹಳೆಯ ಪದ್ಧತಿಯ ಪ್ರೋಗ್ರಾಮುಗಳು, ಹೊಸ ಪದ್ಧತಿಯವು ಎರಡೂ ಒಂದೇ ಯಂತ್ರದಲ್ಲಿ ಇರುತ್ತಿದ್ದವು. ಒಂದರಲ್ಲಿ ಸೂರ್ಯ ಸರಿ, ಇನ್ನೊಂದರಲ್ಲಿ ಚೂರು ಚೂರು. ಹದಿನೈದು ದಿನ ಒದ್ದಾಡಿ ಸರಿಯಾದ ಫಾಂಟು, ಸರಿಯಾದ ಪ್ರೋಗ್ರಾಮು ಜೋಡಿಸಿದೆ. ಅಪ್ಪಯ್ಯ ಮತ್ತೆ ಕೂತು ಮೊದಲು ಅದೇ ಪದ ಒತ್ತಿದರು. ಅಂದಿನಿಂದ ಹೊಸ ಯಂತ್ರ ಯಾವುದು ಬಂದರೂ ಅವರ ಮೊದಲ ಪದ ಅದೇ.

ದೂರ

2021ರಲ್ಲಿ ಅಪ್ಪಯ್ಯ ಊರಿಗೆ ಹೋದರು. ಅಮ್ಮನಿಗೆ ಮುಂಬಯಿ ಸಾಕಾಗಿತ್ತು. ಲ್ಯಾಪ್‌ಟಾಪ್ ಅವರ ಜೊತೆ ಹೋಯಿತು. ಮನೆಯಲ್ಲಿ ನಡೆದದ್ದು ಅಲ್ಲಿಂದಲೂ ನಡೆಯುತ್ತದೆ ಎಂದು ಆಸೆಯಿಂದ ಸುರಂಗವನ್ನು ಕುಂದಾಪುರದವರೆಗೆ ಎಳೆದೆ. ಕಿಟಕಿ ತೆರೆಯಲು ಅರ್ಧ ನಿಮಿಷ. ಒಂದು ಅಕ್ಷರ ಒತ್ತಿದರೆ ಕಾಣಲು ತಡ. ಅಪ್ಪಯ್ಯ ಎರಡನೆಯ ದಿನವೇ ಬಿಟ್ಟರು.

ಡೇಟಾ ವೇಗ ಸಾಕಷ್ಟಿತ್ತು. ಅಡ್ಡಿಯಾದದ್ದು ಹೋಗಿಬರುವ ಹೊತ್ತು. ಎಕ್ಸ್ ಕಾಯದೆ ಮಾತಾಡಬಲ್ಲದು ಎಂದೆನಲ್ಲ, ಆದರೆ ಅದರ ಮೇಲೆ ಬರೆದ ಪ್ರೋಗ್ರಾಮುಗಳು ಆಗಾಗ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತವೆ. ತೆರೆಯುವಾಗ ಮುನ್ನೂರು ಸಲ ಕೇಳುತ್ತದೆ ಎಂದುಕೊಳ್ಳಿ. ಮನೆಯೊಳಗೆ ಒಂದು ಸಲ ಹೋಗಿಬರಲು ಎರಡು ಮಿಲಿಸೆಕೆಂಡ್. ಒಟ್ಟು ಅರ್ಧ ಸೆಕೆಂಡ್ ಚಿಲ್ಲರೆ. ಮೊಬೈಲ್ ಜಾಲದಲ್ಲಿ ಎಂಬತ್ತು ಮಿಲಿಸೆಕೆಂಡ್ ಎಂದರೆ ಇಪ್ಪತ್ತನಾಲ್ಕು ಸೆಕೆಂಡ್. ಎಷ್ಟು ದೊಡ್ಡ ಪೈಪು ಹಾಕಿದರೂ ಇದು ಕಡಿಮೆಯಾಗುವುದಿಲ್ಲ. ಎಕ್ಸ್ ಒಂದು ಕ್ಯಾಂಪಸ್ಸಿನ, ಒಂದು ಕಟ್ಟಡದ, ಒಂದು ಮನೆಯ ವ್ಯವಸ್ಥೆ. ಅದರ ಹುಟ್ಟಿನಲ್ಲೇ ಆ ಅಳತೆ ಇದೆ.

ದೂರಕ್ಕೆ ಬೇರೆ ಉಪಾಯಗಳು ಹುಟ್ಟಿಕೊಂಡಿದ್ದವು. ಕೇಂಬ್ರಿಜ್‌ನ ಪ್ರಯೋಗಾಲಯವೊಂದರಲ್ಲಿ ಹುಟ್ಟಿದ ವಿಎನ್‌ಸಿ ಇಡೀ ಪರದೆಯನ್ನು ಚಿತ್ರವಾಗಿ ಕಳಿಸುತ್ತದೆ. ಮೈಕ್ರೊಸಾಫ್ಟ್ 1998ರಲ್ಲಿ ಟರ್ಮಿನಲ್ ಸರ್ವರ್ ತಂದಿತು. ಅದರ ಆರ್‌ಡಿಪಿಯನ್ನು ನಮ್ಮ ಉದ್ಯೋಗದಲ್ಲಿ ಮುಟ್ಟದವರಿಲ್ಲ. 2020ರ ಮಾರ್ಚಿನಲ್ಲಿ ನಮ್ಮಲ್ಲಿ ಹಲವರು ಮನೆಗೆ ಬಂದು ಕೂತದ್ದು ಇವುಗಳ ಬಲದಿಂದ. ಇವು ಸಾಮಾನ್ಯವಾಗಿ ಇಡೀ ಮೇಜನ್ನೇ ಹೊತ್ತು ತರುತ್ತವೆ. ಬೇರೆ ಯಂತ್ರದ ಒಂದು ಕಿಟಕಿ ನಿಮ್ಮದೇ ಕಿಟಕಿಗಳ ನಡುವೆ, ಅಲ್ಲಿಯದೇ ಎಂಬಂತೆ ಬಂದು ಕೂರುವುದು ಎಕ್ಸ್‌ನ ಹುಟ್ಟುಗುಣ.

ಇತ್ತ ಎಕ್ಸ್‌ನೊಳಗೂ ಕಾಲ ಬದಲಾಗಿತ್ತು. ಎಲ್ಲರ ಬಳಿ ಸ್ವಂತ ಯಂತ್ರ, ಅಡುಗೆಮನೆ ಮತ್ತು ಮೇಜು ಒಂದೇ ಕೋಣೆಯಲ್ಲಿ. ಹಾಗಿದ್ದ ಮೇಲೆ ಜಾಲದ ಶಿಷ್ಟಾಚಾರ ಯಾಕೆ ಎಂದು ಅಡ್ಡದಾರಿಗಳು ಬಂದವು: ಮೆಮೊರಿ ಹಂಚಿಕೊಳ್ಳುವುದು, ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಬರೆಯುವುದು. ಇವೆಲ್ಲ ಒಂದೇ ಯಂತ್ರದೊಳಗೆ ಮಾತ್ರ ಸಾಧ್ಯ. ಹೊಸ ಪ್ರೋಗ್ರಾಮುಗಳು ಗೆರೆ, ಅಕ್ಷರ ಎಂದು ಸೂಚನೆ ಕೊಡುವುದನ್ನೇ ಬಿಟ್ಟು, ಕಿಟಕಿಯ ಇಡೀ ಚಿತ್ರವನ್ನು ತಾವೇ ಬರೆದು ಸರ್ವರ್‌ನ ಕೈಗಿಡತೊಡಗಿದವು. 20 ಬೈಟ್‌ನ ಗೆರೆ ಯಾರಿಗೂ ಬೇಡವಾಯಿತು. 2004ರಲ್ಲಿ ಲೈಸೆನ್ಸಿನ ಜಗಳದಿಂದ ಎಕ್ಸ್‌ಫ್ರೀ86 ಒಡೆದು, ಕೆಲಸ ಎಕ್ಸ್.ಆರ್ಗ್‌ಗೆ ಬಂತು. ಅಲ್ಲಿ ದುಡಿದವರಲ್ಲೇ ಹಲವರು ಮುಂದೆ ಹೊಸದನ್ನು ಕಟ್ಟಿದರು.

2008ರಲ್ಲಿ ಕ್ರಿಸ್ಟಿಯಾನ್ ಹೋಗ್ಸ್‌ಬರ್ಗ್ ಶುರುಮಾಡಿದ ವೇಲ್ಯಾಂಡ್ ಆ ಹೊಸದು. ಅದರಲ್ಲಿ ಚಿತ್ರ ಬರೆಯುವ ಸೂಚನೆಗಳೇ ಇಲ್ಲ. ಬರೆದು ತಂದರೆ ತೋರಿಸುತ್ತದೆ. ಒಂದು ಪ್ರೋಗ್ರಾಮು ಇನ್ನೊಂದರ ಕೀಲಿಗಳನ್ನು ಕದ್ದು ಓದುವಂತಿಲ್ಲ. ಜಿರಳೆಗಳಿಗೆ ಜಾಗವಿಲ್ಲ. ಜಾಲದ ಮೇಲೆ ಓಡುವ ಗುಣವೂ ಅದರೊಳಗಿಲ್ಲ. ಬೇಕಾದವರು ಹೊರಗಿನಿಂದ ಬೇರೆ ಸಾಧನ ಜೋಡಿಸಿಕೊಳ್ಳಬೇಕು. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಹಳೆಯ ಎಕ್ಸ್.ಆರ್ಗ್ ಸರ್ವರ್ ಇಲ್ಲವೇ ಇಲ್ಲ. ಅದೇ ವರ್ಷದ ಉಬುಂಟು 25.10ರ ಮುಖ್ಯ ಡೆಸ್ಕ್‌ಟಾಪಿಗೆ ಲಾಗಿನ್ ಆಗುವಾಗಲೂ ಎಕ್ಸ್‌ನ ಆಯ್ಕೆ ಇಲ್ಲ.

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನು ಈ ನಿರ್ಧಾರವನ್ನು ಒಪ್ಪುತ್ತೇನೆ. ಕೆಲವೇ ಜನ ಬಳಸುವ ಗುಣಕ್ಕಾಗಿ ಎಲ್ಲರ ಭದ್ರತೆಯನ್ನು ಪಣಕ್ಕಿಡಬಾರದು. ಆದರೆ ಒಂದು ಮಾತು ಹೇಳಲೇಬೇಕು. ಕಂಪ್ಯೂಟರ್ ಕಡಿಮೆ ಇದ್ದ ಕಾಲದವರು ಇದ್ದ ಒಂದನ್ನು ಹತ್ತು ಜನ ಬಳಸುವುದು ಹೇಗೆ ಎಂದು ಯೋಚಿಸಿದರು, ಅದನ್ನು ವ್ಯವಸ್ಥೆಯ ಬುಡದಲ್ಲೇ ಇಟ್ಟರು. ಆಮೇಲೆ ಬಂದ ನಾವು ಒಬ್ಬನಿಗೆ ಒಂದು ಎಂಬುದನ್ನು ಬುಡದಲ್ಲಿಟ್ಟು, ಹಂಚಿಕೊಳ್ಳುವುದನ್ನು ಹೊರಗಿನ ಸಾಧನಗಳಿಗೆ ಬಿಟ್ಟಿದ್ದೇವೆ. ನಮ್ಮ ಮನೆಯಲ್ಲಿ ಒಂದೇ ಯಂತ್ರ ಇಬ್ಬರಿಗೆ ಸಾಕಾದದ್ದು ಆ ಹಳೆಯ ಯೋಚನೆಯಿಂದ.

ಈ ದೀಪಾವಳಿಗೆ ಅಪ್ಪಯ್ಯ, ಅಮ್ಮ ಜೋಗೇಶ್ವರಿಗೆ ಬಂದರು. ಹಳೆಯ ಲ್ಯಾಪ್‌ಟಾಪ್ ಊರಿನ ಮಳೆಗಾಲದಲ್ಲಿ ಕೆಟ್ಟಿತ್ತು. ಅಪ್ಪಯ್ಯ ಈಗ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ರಾತ್ರಿ ಶಾಲೆಯ ಅಧ್ಯಾಯ ಮಾತ್ರ ನಮ್ಮ ಡೆಸ್ಕ್‌ಟಾಪಿನಲ್ಲೇ ಅರ್ಧಕ್ಕೆ ನಿಂತಿತ್ತು. ಮಗಳಿಗೆ ಹನ್ನೆರಡನೆಯ ತರಗತಿ. ಡೆಸ್ಕ್‌ಟಾಪ್ ಅವಳು ಬಿಡುವಂತಿಲ್ಲ. ಒಂದು ಬಳಸಿದ ಲ್ಯಾಪ್‌ಟಾಪ್ ತಂದು ಹೊಸ ಉಬುಂಟು ಹಾಕಿದೆ. ಅದರಲ್ಲಿ ವೇಲ್ಯಾಂಡ್. ಹಳೆಯ ಐಕಾನನ್ನು ಮತ್ತೆ ಮಾಡಿಟ್ಟು, ಏನಾಗುತ್ತದೋ ಎಂದು ಒತ್ತಿದೆ.

ಕಿಟಕಿ ತೆರೆಯಿತು. ವೇಲ್ಯಾಂಡ್ ಒಳಗೆ ಎಕ್ಸ್‌ವೇಲ್ಯಾಂಡ್ ಎಂಬ ಪ್ರೋಗ್ರಾಮ್ ಇದೆ. ಹಳೆಯ ಪ್ರೋಗ್ರಾಮುಗಳಿಗಾಗಿ ಉಳಿಸಿಕೊಂಡಿರುವ ಎಕ್ಸ್ ಸರ್ವರ್ ಅದು. ಹೋಟೆಲಿನ ಬೋರ್ಡು ಬದಲಾಗಿದೆ, ಎಸಿ ಬಂದಿದೆ, ಮಾಣಿ ಮಾತ್ರ ಹಳಬನೇ. ಮಗಳಿಗೆ ಹೇಳಿದೆ. "ಅಜ್ಜಯ್ಯನ ಸರ್ವರ್ ಬದುಕಿದೆ" ಎಂದು ಅವಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು. ಮರೆತಿರಲಿಲ್ಲ, ಹಾಗಾದರೆ.

ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು, ಕಡತದ ಕೊನೆಗೆ ಹೋಗಿ, ಒಂದು ಪದ ಒತ್ತಿದರು. ಪರದೆಗೆ ಮುಖ ಹತ್ತಿರ ತಂದು ನೋಡಿದರು.

"ಸೂರ್ಯ ಸಮಾ ಇತ್ತ್" ಎಂದರು. ಆ ಪದ ಅಳಿಸಿ, 1961ರ ಒಂದು ಸಂಜೆ ಹೋಟೆಲಿನ ಕೆಲಸ ಮುಗಿಸಿ ಶಾಲೆಗೆ ಓಡುತ್ತಿದ್ದಲ್ಲಿಂದ ಮುಂದಕ್ಕೆ ಬರೆಯತೊಡಗಿದರು.